ಕೊಬ್ಬರಿ ರೇಟಿನ ಸುದ್ದಿಯನ್ನು ಪಾಠಕ್ಕೆ ಹೊಂದಿಸುವುದು ಹೇಗೆ? ಸೆಕೆಂಡ್ ಪಿಯುಸಿ ಅರ್ಥಶಾಸ್ತ್ರ ಪ್ರಾಜೆಕ್ಟ್

ಅಟ್ಟದಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಕಾಮರ್ಸ್. ಊರು ತಿಪಟೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಪ್ರಾಜೆಕ್ಟ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅರ್ಥಶಾಸ್ತ್ರದ ಮೇಡಂ ಹೇಳಿದ್ದು ಇಷ್ಟು: ಪೇಪರಿನಲ್ಲಿ ಬಂದ ಸುದ್ದಿ ತೆಗೆದುಕೊಳ್ಳಿ, ಪಾಠದಲ್ಲಿ ಕಲಿತದ್ದಕ್ಕೆ ಹೊಂದಿಸಿ ಬರೆಯಿರಿ, ಹತ್ತು ಪುಟ ಸಾಕು. ನಾನು ದಸರಾ ರಜೆಯಲ್ಲೇ ಮುಗಿಸಿಬಿಟ್ಟೆ. ಹನ್ನೊಂದು ಕಟಿಂಗ್ ಅಂಟಿಸಿದೆ. ರೆಪೊ ದರದ್ದು (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಒಂದು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದದ್ದು ಒಂದು, ಚಿನ್ನದ್ದು ಒಂದು, ಹೀಗೆ. ಪ್ರತಿಯೊಂದರ ಕೆಳಗೆ ಸ್ಕೆಚ್ ಪೆನ್ನಲ್ಲಿ ಬಾಕ್ಸ್ ಹಾಕಿ ಪುಸ್ತಕದ ವ್ಯಾಖ್ಯೆ ಬರೆದೆ. ರಿಬ್ಬನ್ ಬೇರೆ ಕಟ್ಟಿದ್ದೆ. ಎರಡು ದಿನ ಬಿಟ್ಟು ಮೇಡಂ ವಾಪಸ್ ಕೊಟ್ಟರು. ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ, ‘ಗೋಂದು ಚೆನ್ನಾಗಿ ಹಚ್ಚಿದ್ದೀಯ. ಇನ್ನು ಅರ್ಥಶಾಸ್ತ್ರ ಹಚ್ಚು’ ಅಂತ ಬರೆದಿತ್ತು.

ಕ್ಲಾಸೆಲ್ಲ ನಕ್ಕಿತು. ನನಗೂ ಆಮೇಲೆ ನಗು ಬಂತು, ಆದರೆ ಆಮೇಲೆ.

ಈಗ ಹೊಸದಾಗಿ ಮಾಡಬೇಕು. ಒಂದೇ ಸುದ್ದಿ ಸಾಕು ಎಂದಿದ್ದಾರೆ. ನಾನು ಕೊಬ್ಬರಿ ತೆಗೆದುಕೊಳ್ಳೋಣ ಅಂದುಕೊಂಡೆ. ನಮಗೆ 60 ತೆಂಗಿನ ಮರ ಇವೆ. ಕಾಯಿ ಕೀಳಿಸಿ ಅಟ್ಟಕ್ಕೆ ಹಾಕುತ್ತೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿ ಮಾಡುವುದಲ್ಲ. ಸುಲಿಯದ ಕಾಯಿಯನ್ನು ಹಾಗೇ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗೇ ಇಂಗುತ್ತೆ. ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು ಚಿಪ್ಪು ಒಡೆದರೆ ಇಡೀ ಗಿಟುಕು ಉಂಡೆಯಾಗಿ ಹೊರಗೆ ಬರುತ್ತೆ. ನಾನು ಓದಿಕೊಳ್ಳುವುದೂ ಆ ಅಟ್ಟದ ಏಣಿ ಪಕ್ಕದಲ್ಲೇ.

ಸುದ್ದಿ ನಿಮಗೆಲ್ಲ ಗೊತ್ತೇ ಇದೆ. 2023ರಲ್ಲಿ ರೇಟು ಬಿದ್ದು ರೈತರು ಧರಣಿ ಕೂತಿದ್ದರು. 2025ರ ಜೂನ್, ಜುಲೈ ಹೊತ್ತಿಗೆ ತಿಪಟೂರಿನಲ್ಲಿ ಕ್ವಿಂಟಾಲಿಗೆ 25 ಸಾವಿರ ದಾಟಿತು. ಅಪ್ಪನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. 2023ರ ಜುಲೈ: ಕ್ವಿಂಟಾಲಿಗೆ 8,100. ಪಕ್ಕದಲ್ಲಿ ‘ಅಕ್ಕನ ಫೀಸು’ ಅಂತ ಇದೆ. 2025ರ ಜೂನ್ ಕೊನೆ: 24,600. ಅದರ ಪಕ್ಕದಲ್ಲಿ ಏನೂ ಇಲ್ಲ, ಒಂದು ಗೆರೆ ಮಾತ್ರ. ಅದು ಖುಷಿಯ ಗೆರೆಯೋ, ಆಮೇಲೆ ರೇಟು ಇನ್ನೂ ಏರಿತಲ್ಲ ಅನ್ನೋ ಬೇಜಾರಿನದ್ದೋ, ಅಪ್ಪನೇ ಹೇಳಬೇಕು.

ನನ್ನ ತಲೆನೋವು ಇಲ್ಲಿದೆ. ಪುಸ್ತಕದಲ್ಲಿ ಪೂರೈಕೆ ನಿಯಮ ಅಂತ ಇದೆ. ಬೆಲೆ ಏರಿದರೆ ಪೂರೈಕೆ ಏರುತ್ತೆ. ನಮ್ಮ ಮನೆಯಲ್ಲಿ ಬೆಲೆ ಮೂರು ಪಟ್ಟು ಏರಿತು, ಅಟ್ಟದಲ್ಲಿ ಕಾಯಿ ಅರ್ಧಕ್ಕಿಳಿಯಿತು. ಇದನ್ನು ಹೀಗೇ ಬರೆಯಲಾ? ನನ್ನ ಫ್ರೆಂಡು ಹೇಳುತ್ತಾಳೆ, ‘ಉಲ್ಟಾ ಬರೆದರೆ ಇಂಟರ್ನಲ್ ಮಾರ್ಕ್ಸ್ ಹೋಗುತ್ತೆ, ಸುಮ್ನೆ ಟೊಮೆಟೊ ಬರಿ’ ಅಂತ. ಇನ್ನೊಂದು, ಬೆಂಬಲ ಬೆಲೆ 11,750 ಇದ್ದಾಗ ಅಪ್ಪ 8,100ಕ್ಕೆ ಯಾಕೆ ಮಾರಿದರು? ಪುಸ್ತಕದ ಚಿತ್ರದಲ್ಲಿ ಕನಿಷ್ಠ ಬೆಲೆಯ ಗೆರೆ ಹಾಕಿದರೆ ಬೆಲೆ ಅದರ ಕೆಳಗೆ ಇಳಿಯೋದೇ ಇಲ್ಲ.

ಯಾವ ಪಾಠ ಹಿಡಿಯಲಿ, ಎಲ್ಲಿಂದ ಶುರು ಮಾಡಲಿ, ಹೇಳಿ ಪ್ಲೀಸ್.

ಸೀಮೆಸುಣ್ಣ

ಮಗೂ, ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನು. ನಿಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸು. ಆ ಕೆಂಪು ಇಂಕಿನ ಸಾಲು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಟೊಮೆಟೊ ಬೇಡ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ದಾಟಿದ ವರ್ಷ ನನ್ನ ಮೇಜಿನ ಮೇಲೆ ಟೊಮೆಟೊ ಪ್ರಾಜೆಕ್ಟುಗಳ ರಾಶಿಯೇ ಬಿದ್ದಿತ್ತು. ಎಲ್ಲರೂ ಹಣದುಬ್ಬರ 7.44% ಎಂದು ಬರೆದರು. ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದ 100ರಲ್ಲಿ ಟೊಮೆಟೊದ ಪಾಲು 1 ಕೂಡ ಇಲ್ಲ, ಅಂಥದ್ದು ಇಡೀ ಸೂಚ್ಯಂಕವನ್ನು ಹೇಗೆ ಅಲುಗಾಡಿಸಿತು ಎಂದು ಕೇಳಿದವನು ಒಬ್ಬನೂ ಇಲ್ಲ. ರಿಸರ್ವ್ ಬ್ಯಾಂಕ್ ಆಗಸ್ಟ್‌ನಲ್ಲಿ ರೆಪೊ ದರವನ್ನು 6.5%ರಲ್ಲೇ ಏಕೆ ಬಿಟ್ಟಿತು ಎಂದೂ ಯಾರೂ ಕೇಳಲಿಲ್ಲ. ಬಡ್ಡಿ ಏರಿಸಿದರೆ ಟೊಮೆಟೊ ಗಿಡ ಬೇಗ ಕಾಯಿ ಬಿಡುತ್ತದೆಯೇ? ಇರಲಿ, ಅದು ನನ್ನ ಹಳೇ ಗೋಳು.

ನಿನ್ನ ‘ಉಲ್ಟಾ’ ಇದೆಯಲ್ಲ, ಅದೇ ಪ್ರಾಜೆಕ್ಟು. ಅದನ್ನು ಬಿಡಬೇಡ. ಪೂರೈಕೆ ನಿಯಮದ ಕೊನೆಯಲ್ಲಿ ಒಂದು ಬಾಲ ಇರುತ್ತದೆ: ‘ಇತರ ಅಂಶಗಳು ಸ್ಥಿರವಾಗಿದ್ದರೆ.’ ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಮಂತ್ರದ ಹಾಗೆ ಬರೆದು ಮುಂದೆ ಹೋಗುತ್ತಾರೆ. ನಿಮ್ಮ ತೋಟದಲ್ಲಿ ಏನು ಸ್ಥಿರವಾಗಿತ್ತು ಹೇಳು? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ತೆಂಗಿನ ಹೂವು ಬಲಿತ ಕಾಯಿಯಾಗಲು ಸುಮಾರು ಒಂದು ವರ್ಷ ಬೇಕು. ಆ ಕಾಯಿ ಅಟ್ಟದಲ್ಲಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ಇನ್ನೊಂದು ವರ್ಷ. ಅಂದರೆ ಆ ಬರಕ್ಕೆ ಉದುರಿದ ಹೀಚು ಮಾರುಕಟ್ಟೆಯಲ್ಲಿ ‘ಇಲ್ಲ’ ಎಂದು ಕಾಣಿಸಿಕೊಂಡದ್ದು 2025ರಲ್ಲಿ. ಜೊತೆಗೆ ಬಿಳಿ ನೊಣ, ಕಪ್ಪುತಲೆ ಹುಳು. ಪೂರೈಕೆ ರೇಖೆಯೇ ಎಡಕ್ಕೆ ಸರಿಯಿತು, ಅಂದರೆ ಯಾವ ಬೆಲೆಗೇ ಆಗಲಿ ಸಿಗುವ ಮಾಲೇ ಕಡಿಮೆಯಾಯಿತು, ಅದಕ್ಕೇ ಬೆಲೆ ಏರಿತು. ನೀನು ಬೆಲೆ ಮೊದಲು, ಕಾಯಿ ಆಮೇಲೆ ಎಂದು ಓದುತ್ತಿದ್ದೀಯ. ತಿರುಗಿಸಿ ಓದು.

ಈಗ ಬೆಲೆ ಏರಿತಲ್ಲ, ನಿಮ್ಮಪ್ಪ ಜಾಸ್ತಿ ಕೊಬ್ಬರಿ ಮಾಡಬಹುದಾಗಿತ್ತೇ? ಅಟ್ಟದಲ್ಲಿ ಇದ್ದಷ್ಟೇ ಇತ್ತು. ಅಲ್ಪಾವಧಿಯಲ್ಲಿ ಪೂರೈಕೆ ಹೆಚ್ಚುಕಡಿಮೆ ನೇರ ನಿಂತ ಗೆರೆ. ಈ ಗೆರೆಯನ್ನು ಗ್ರಾಫ್ ಹಾಳೆಯಲ್ಲಿ ಎಳೆಯುವ ಬದಲು ನಿಮ್ಮ ಅಟ್ಟದ ಫೋಟೊ ಅಂಟಿಸಿದರೂ ನಾನಾದರೆ ಅಂಕ ಕೊಡುತ್ತಿದ್ದೆ.

ಬೆಂಬಲ ಬೆಲೆಯ ಪ್ರಶ್ನೆ ಇನ್ನೂ ಒಳ್ಳೆಯದು. ಪುಸ್ತಕದ ಚಿತ್ರವನ್ನು ಮತ್ತೊಮ್ಮೆ ನೋಡು. ಕನಿಷ್ಠ ಬೆಲೆಯ ಗೆರೆ ಹಾಕಿದಾಗ ಒಂದಷ್ಟು ಮಾಲು ಹೆಚ್ಚುವರಿಯಾಗಿ ಉಳಿಯುತ್ತದೆ. ಅದನ್ನು ಯಾರು ಕೊಳ್ಳುತ್ತಾರೆ? ಸರ್ಕಾರ ಕೊಂಡರೆ ಮಾತ್ರ ಆ ಗೆರೆಗೆ ಬಲ. ನಮ್ಮಲ್ಲಿ ಬೆಂಬಲ ಬೆಲೆ ಎಂದರೆ ಅದಕ್ಕಿಂತ ಕಡಿಮೆಗೆ ಮಾರಬಾರದು ಎಂಬ ಕಾನೂನಲ್ಲ. ‘ಈ ಬೆಲೆಗೆ ನಾವು ಕೊಳ್ಳುತ್ತೇವೆ’ ಎಂಬ ಮಾತು ಅಷ್ಟೇ. ಕೊಳ್ಳುವ ಕೇಂದ್ರ ತೆರೆದಿರಬೇಕು, ನೋಂದಣಿ ಆಗಿರಬೇಕು, ದುಡ್ಡು ಕೈಗೆ ಬರುವ ತನಕ ಕಾಯುವ ಶಕ್ತಿ ಇರಬೇಕು. ನಿಮ್ಮ ಅಕ್ಕನ ಫೀಸು ಕಾಯುತ್ತಿತ್ತೇ? ಆ ಎರಡು ಪದ ಅಪ್ಪನ ಲೆಕ್ಕದ ಪುಸ್ತಕದ ಅಂಚಿನಲ್ಲಿ ಇದೆ ಎಂದೆಯಲ್ಲ, ಆ ಪುಟದ ಜೆರಾಕ್ಸ್ ಹಾಕು.

ಇನ್ನೊಂದು ಕೆಲಸ ಹೇಳುತ್ತೇನೆ. ಅಟ್ಟದಿಂದ 100 ಕಾಯಿ ಎಣಿಸಿ ಇಳಿಸು. ಎಷ್ಟು ಹಾಳು, ಎಷ್ಟು ಕೆ.ಜಿ. ಕೊಬ್ಬರಿ ಬಂತು, ತೂಕ ಹಾಕಿ ಬರಿ. ಅದೇ 100 ಕಾಯಿಯನ್ನು ಹಸಿಯಾಗೇ ಮಾರಿದ್ದರೆ ಎಷ್ಟು ಬರುತ್ತಿತ್ತು? ಅವಕಾಶ ವೆಚ್ಚದ ಪಾಠ (ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ) ತಾನಾಗೇ ಬರುತ್ತದೆ.

ಎಣ್ಣೆಯನ್ನೂ ನೋಡು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ 20%ಕ್ಕೆ ಏರಿಸಿತು, 2025ರ ಮೇ ಕೊನೆಯಲ್ಲಿ 10%ಕ್ಕೆ ಇಳಿಸಿತು. ಬದಲಿ ಸರಕಿನ ಬೆಲೆ ಏರಿದರೆ ಕೊಬ್ಬರಿ ಎಣ್ಣೆಗೂ ಬೇಡಿಕೆ ಏರುತ್ತದೆ. ತಿಪಟೂರು ಕೊಬ್ಬರಿಯೂ ಆ ಗಾಣಕ್ಕೇ ಹೋಗುವುದಲ್ಲವೇ.

ಮಂಡಿ ಗುಮಾಸ್ತ

ಮೇಷ್ಟ್ರು ದೊಡ್ಡವರು, ಆದರೆ ಕೊನೇ ಸಾಲು ತಪ್ಪು. ಕ್ಷಮಿಸಿ.

ತಿಪಟೂರಿನ ಉಂಡೆ ಕೊಬ್ಬರಿ ಗಾಣಕ್ಕೆ ಹೋಗುವ ಮಾಲಲ್ಲ ಸಾರ್. ಅದು ತಿನ್ನುವ ಕೊಬ್ಬರಿ. ಜಾಸ್ತಿ ಹೋಗುವುದು ಉತ್ತರ ಭಾರತಕ್ಕೆ. ಪೂಜೆಗೆ, ಸಿಹಿಗೆ, ಚಳಿಗಾಲದಲ್ಲಿ ತಿನ್ನುವುದಕ್ಕೆ. ಎಣ್ಣೆಗೆ ಹೋಗುವುದು ಮಿಲ್ಲಿಂಗ್ ಕೊಬ್ಬರಿ, ಹೋಳು ಮಾಡಿ ಒಣಗಿಸಿದ್ದು. ಸರ್ಕಾರವೂ ಎರಡಕ್ಕೆ ಬೇರೆ ಬೇರೆ ಬೆಂಬಲ ಬೆಲೆ ಕೊಡುತ್ತದೆ. 2025ಕ್ಕೆ ಉಂಡೆಗೆ 12,100, ಮಿಲ್ಲಿಂಗ್‌ಗೆ 11,582. ನಮ್ಮ ಮಂಡಿಯಲ್ಲಿ ಗಿಟುಕನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಎಣ್ಣೆಯವನಿಗೆ ಇದೆಲ್ಲ ಯಾಕೆ ಬೇಕು?

ಹಾಗಂತ ಎಣ್ಣೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ ಕಣಮ್ಮ. ಕಾಯಿ ಒಂದೇ. ಎಳನೀರಾಗಿ ಕಿತ್ತರೆ ಮದ್ದೂರಿನ ಲಾರಿ ಹತ್ತುತ್ತದೆ. ಬಲಿಯಲು ಬಿಟ್ಟರೆ ಹಸಿ ಕಾಯಿ. ಹೋಳು ಮಾಡಿದರೆ ಎಣ್ಣೆ. ಅಟ್ಟಕ್ಕೆ ಹಾಕಿದರೆ ಉಂಡೆ. ಕೇರಳದಲ್ಲಿ ಎಣ್ಣೆ ರೇಟು ಏರಿತು ಅಂದರೆ ಹಸಿ ಕಾಯಿಗೆ ಜನ ಬರುತ್ತಾರೆ, ಅಟ್ಟ ಹತ್ತುವ ಕಾಯಿ ಕಡಿಮೆ ಆಗುತ್ತದೆ, ಹತ್ತು ತಿಂಗಳ ಮೇಲೆ ನಮ್ಮ ಹರಾಜಿಗೆ ಚೀಲ ಕಡಿಮೆ. ಇದನ್ನು ಬರಿ. ಚಿಪ್ಪನ್ನೂ ಮರೀಬೇಡ. ಇದ್ದಿಲು ಮಾಡುವವರು ಬಂದು ಕೊಳ್ಳುತ್ತಾರೆ. ಮೊದಲು ಬಚ್ಚಲ ಒಲೆಗೆ ಹೋಗುತ್ತಿತ್ತು, ಈಗ ಅದಕ್ಕೂ ತೂಕ ಇದೆ.

ನೇರಳೆ ಮಾರ್ಗ

ಹಾಯ್! ನಾನು ಬೆಂಗಳೂರಲ್ಲಿ ಬಿಕಾಂ ಎರಡನೇ ವರ್ಷ. ನಾನು ಮಾಡಿದ್ದು ಮೆಟ್ರೊ ಟಿಕೆಟ್ ಬೆಲೆ ಮೇಲೆ. ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ಪೆದ್ದುತನ ಹೇಳುತ್ತೇನೆ, ನಿನಗೆ ಉಪಯೋಗ ಆಗಬಹುದು.

2025ರ ಫೆಬ್ರವರಿ 9ಕ್ಕೆ ದರ ಏರಿತು. ಗರಿಷ್ಠ ಟಿಕೆಟ್ 60 ಇದ್ದದ್ದು 90 ಆಯಿತು. ಕೆಲವು ಕಡೆ ದುಪ್ಪಟ್ಟು ಆಗಿದೆ ಅಂತ ಗಲಾಟೆ ಆಗಿ ಆಮೇಲೆ ಸ್ವಲ್ಪ ಇಳಿಸಿದರು. ಪ್ರಯಾಣಿಕರು ಕಡಿಮೆಯಾದರು. ಆಹಾ, ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತೆ ಅನ್ನೋದು) ಹೇಳಿ ಮಾಡಿಸಿದ ಉದಾಹರಣೆ ಅಂತ ಶುರು ಮಾಡಿದೆ. ಎಷ್ಟು ಶೇಕಡಾ ಬೆಲೆ ಏರಿತು, ಎಷ್ಟು ಶೇಕಡಾ ಜನ ಕಮ್ಮಿ, ಭಾಗಿಸಿದರೆ ಮುಗೀತು.

ಆಗಸ್ಟ್ 10ಕ್ಕೆ ಹಳದಿ ಮಾರ್ಗ ಶುರುವಾಯಿತು, ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರ. ಮಾರನೇ ದಿನವೇ ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ನಾನು ಕಾಪಿ ಸಬ್ಮಿಟ್ ಮಾಡುವ ಮುಂಚೆ ‘ಲೇಟೆಸ್ಟ್ ಡೇಟಾ’ ಇರಲಿ ಅಂತ ಜನವರಿ ಪಕ್ಕ ಆಗಸ್ಟ್ ಇಟ್ಟೆ. ಲೆಕ್ಕ ಹಾಕಿದರೆ ಟಿಕೆಟ್ ಬೆಲೆ ಏರಿದ್ದಕ್ಕೆ ಬೇಡಿಕೆ ಏರಿದೆ! ವೈವಾದಲ್ಲಿ ಸರ್ ನಗದೇ ಕೇಳಿದರು, ‘ಹಾಗಾದರೆ ಇನ್ನೂ ಏರಿಸೋಣವಾ?’ ರೈಲಿನ ದಾರಿಯೇ ಉದ್ದ ಆಗಿದೆ ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ.

ಉಳಿಸಿದ್ದು ಕ್ಲಾಸಿನ ಸರ್ವೆ. ನಮ್ಮ ಕ್ಲಾಸಿನ 40 ಜನಕ್ಕೆ ಒಂದೇ ಪ್ರಶ್ನೆ ಕೇಳಿದ್ದೆ: ದರ ಏರಿದ ಮೇಲೆ ವಾರಕ್ಕೆ ಎಷ್ಟು ಸಲ ಮೆಟ್ರೊ ಹತ್ತುತ್ತೀರಿ? ಹುಡುಗರದ್ದು ಅಷ್ಟೇನೂ ಬದಲಾಗಿಲ್ಲ. ಹುಡುಗಿಯರದ್ದು ಅರ್ಧಕ್ಕಿಂತ ಕೆಳಗೆ. ಮೊದಲು ಸರ್ವೆಯೇ ತಪ್ಪಾಗಿದೆ ಅಂದುಕೊಂಡೆ. ಆಮೇಲೆ ಪಕ್ಕದ ಬೆಂಚಿನವಳು ಹೇಳಿದಳು, ‘ನನಗೆ ಬಸ್ಸು ಫ್ರೀ ಅಲ್ವೇನೋ.’ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಡುಗರಿಗೆ ಬಸ್ ದರವೂ 2025ರ ಜನವರಿಯಲ್ಲಿ 15% ಏರಿತ್ತು. ಒಂದೇ ರೈಲು, ಒಂದೇ ಟಿಕೆಟ್, ಆದರೆ ಕೈಯಲ್ಲಿರುವ ಬದಲಿ ಬೇರೆ. ಸ್ಥಿತಿಸ್ಥಾಪಕತ್ವ ಬದಲಿ ಸರಕಿನ ಮೇಲೆ ನಿಂತಿದೆ ಅಂತ ಪುಸ್ತಕದಲ್ಲಿ ಮೂರನೇ ಪಾಯಿಂಟಾಗಿ ಇತ್ತು, ಎಷ್ಟು ಸಲ ಬಾಯಿಪಾಠ ಮಾಡಿದ್ದೆನೋ.

ನಿನಗೆ ಹೇಳುವುದಿಷ್ಟೇ: ಎರಡು ತಾರೀಖು ಪಕ್ಕಪಕ್ಕ ಇಡುವ ಮುಂಚೆ ನಡುವೆ ಏನೇನಾಯಿತು ನೋಡು.

ಕಾಂಡಿಮೆಂಟ್ಸ್ ಅಣ್ಣ

ತಂಗೀ, ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೆಂಗಳೂರಲ್ಲಿ ಅಂಗಡಿ ಇಟ್ಟು ಹದಿನಾಲ್ಕು ವರ್ಷ. ಇಲ್ಲಿ ಎಲ್ಲ ದೊಡ್ಡ ದೊಡ್ಡ ಪದ ಬರೆಯುತ್ತಿದ್ದಾರೆ, ನನ್ನದೂ ಒಂದು ಇರಲಿ.

ಹಾಲಿನ ನೀಲಿ ಪ್ಯಾಕೆಟ್ ಗೊತ್ತಲ್ಲ. 2024ರ ಜೂನ್‌ನಲ್ಲಿ ಅರ್ಧ ಲೀಟರಿನದು 22ರಿಂದ 24 ಆಯಿತು, ಜೊತೆಗೆ 50 ಮಿ.ಲೀ. ಜಾಸ್ತಿ ಹಾಕಿದರು. 550 ಮಿ.ಲೀ. 2025ರ ಏಪ್ರಿಲ್ 1ಕ್ಕೆ ಮತ್ತೆ 500 ಮಿ.ಲೀ. ಆಯಿತು, ರೇಟು 24 ಹಾಗೇ. ಸುದ್ದಿಯಲ್ಲಿ ಲೀಟರಿಗೆ 4 ರೂಪಾಯಿ ಏರಿಕೆ ಅಂತ ಬರುತ್ತಿತ್ತು. ನನ್ನ ಅಂಗಡಿಗೆ ದಿನಾ ಬರುವ ಅಜ್ಜಿ ಒಬ್ಬರು 24 ಎಣಿಸಿ ಕೊಟ್ಟು, ‘ಟೀವಿಯೋರು ಸುಳ್ಳು ಹೇಳ್ತಾರೆ, ಏರೇ ಇಲ್ವಲ್ಲಪ್ಪ’ ಅಂದುಕೊಂಡು ಹೋದರು. ಎರಡು ಖಾಲಿ ಪ್ಯಾಕೆಟ್ ತೊಳೆದು ಅಂಟಿಸಿದ್ದರೆ ಅದೇ ಒಂದು ಪ್ರಾಜೆಕ್ಟು.

ಇನ್ನೊಂದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ನನಗೆ ಬರಲಿಲ್ಲ. ಆದರೂ ಒಂದು ವಾರ ಕ್ಯೂಆರ್ ಕೋಡ್ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೆ. ಎಲ್ಲರೂ ಹಾಕಿದ್ದರು. ಚಿಲ್ಲರೆ ಇಲ್ಲದ ಹುಡುಗರು ಬನ್ನು ಮುಟ್ಟಿ ಮುಟ್ಟಿ ಇಟ್ಟು ಹೋಗುತ್ತಿದ್ದರು. ಮುಖ್ಯಮಂತ್ರಿಗಳು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ ಮೇಲೆ ಕ್ಯಾಲೆಂಡರ್ ತೆಗೆದೆ.

ನನಗೆ ಆಗ ಅನಿಸಿದ್ದು, ಜನ ಒಟ್ಟು ವ್ಯಾಪಾರ, ಲಾಭ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ನನಗೆ ದಿನಕ್ಕೆ ಕ್ಯೂಆರ್, ನಗದು ಎರಡೂ ಸೇರಿ 9 ಸಾವಿರ ಬೀಳುತ್ತೆ. ವರ್ಷಕ್ಕೆ 33 ಲಕ್ಷ ಹತ್ತಿರ. ನೋಂದಣಿ ಮಿತಿ ಸರಕು ಮಾರುವವರಿಗೆ 40 ಲಕ್ಷ. ಇದನ್ನು ಕೇಳಿದ ನಮ್ಮ ಭಾವ ‘ಓಹೋ ಲಕ್ಷಾಧೀಶ’ ಅಂದ. ಅದರಲ್ಲಿ ಹಾಲಿನವನದ್ದು, ಬ್ರೆಡ್ಡಿನವನದ್ದು, ಬಿಸ್ಕತ್ ಕಂಪನಿಯದ್ದು ಎಲ್ಲ ಸೇರಿದೆ ಸ್ವಾಮೀ. ನೂರು ರೂಪಾಯಿ ಗಲ್ಲಾಗೆ ಬಿದ್ದರೆ ನನಗೆ ಉಳಿಯೋದು ಏಳೋ ಎಂಟೋ. ಅದರಲ್ಲಿ ಬಾಡಿಗೆ, ಕರೆಂಟು.

ಸೀಮೆಸುಣ್ಣ

ಗುಮಾಸ್ತರೇ, ತಪ್ಪು ಒಪ್ಪಿದೆ. ತಿಪಟೂರು ಕೊಬ್ಬರಿಯನ್ನು ಚಟ್ನಿಪುಡಿಯಲ್ಲಿ ಮಾತ್ರ ಕಂಡವನು ನಾನು, ಗಾಣದ ತನಕ ಕಳಿಸಿಬಿಟ್ಟೆ.

ಕಾಂಡಿಮೆಂಟ್ಸ್ ಅಣ್ಣ, ನೀವು ಎಸ್ಸೆಸ್ಸೆಲ್ಸಿ ಎಂದು ಹೇಳಿಕೊಂಡು ಸೆಕೆಂಡ್ ಪಿಯುಸಿಯ ರಾಷ್ಟ್ರೀಯ ಆದಾಯದ ಪಾಠವನ್ನು ಅರ್ಧ ಮುಗಿಸಿದ್ದೀರಿ. ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಒಟ್ಟು ಮಾರಾಟ, ಆ ಏಳೆಂಟು ರೂಪಾಯಿಯಲ್ಲಿ ಕರೆಂಟು ಕಳೆದು ಉಳಿದದ್ದು ಹೆಚ್ಚುಕಡಿಮೆ ನಿಮ್ಮ ಮೌಲ್ಯವರ್ಧನೆ. ಹಾಲಿನವನ ದುಡ್ಡನ್ನು ಅವನ ಹತ್ತಿರ ಒಮ್ಮೆ, ನಿಮ್ಮ ಹತ್ತಿರ ಒಮ್ಮೆ ಎಣಿಸಿದರೆ ಅದಕ್ಕೆ ಎರಡೆಣಿಕೆ ಎನ್ನುತ್ತೇವೆ. ನಾನು ಇದನ್ನು ಗೋಧಿ, ಹಿಟ್ಟು, ಬ್ರೆಡ್ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸುಸ್ತಾಗಿದ್ದೆ. ನಿಮ್ಮ ಭಾವನ ಮಾತು ಸಿಕ್ಕಿದ್ದರೆ ಒಂದೇ ಪೀರಿಯಡ್ಡಿಗೆ ಮುಗಿಯುತ್ತಿತ್ತು.

ಅಟ್ಟದಹುಡುಗೀ, ತೂಕ ಹಾಕಿದೆಯಾ?

ಅಟ್ಟದಹುಡುಗಿ

ಹಾಕಿದೆ ಸರ್! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಭಾನುವಾರ ಅಣ್ಣನೂ ನಾನೂ ಅಲ್ಲಾಡಿಸಿ ನೋಡಿ 100 ಕಾಯಿ ಇಳಿಸಿದೆವು. ಅಪ್ಪ ಸುಲಿದರು. 7 ಹಾಳಾಗಿದ್ದವು, ಒಂದರ ಒಳಗೆ ಮೊಳಕೆಯೇ ಬಂದಿತ್ತು. ಅದನ್ನು ಅಜ್ಜಿ ನನಗೆ ತಿನ್ನಲು ಕೊಟ್ಟರು. ಉಳಿದ 93ಕ್ಕೆ 11 ಕೆ.ಜಿ. 400 ಗ್ರಾಂ ಕೊಬ್ಬರಿ ಬಂತು. ಸಂತೆಯ ತಕ್ಕಡಿಯಲ್ಲಿ ಎರಡು ಸಲ ತೂಗಿದೆ.

ಲೆಕ್ಕ: ಜೂನ್ ಕೊನೆಯ ರೇಟಿಗೆ ಕೆ.ಜಿ.ಗೆ 246 ಅಂದರೆ 2,804 ರೂಪಾಯಿ. ಅದೇ ವಾರ ವ್ಯಾಪಾರಿ ಹಸಿ ಕಾಯಿಗೆ ಒಂದಕ್ಕೆ 28 ಕೇಳಿದ್ದ. 100ಕ್ಕೆ 2,800. ಹತ್ತು ತಿಂಗಳು ಕಾದದ್ದಕ್ಕೆ ಸಿಕ್ಕಿದ್ದು 4 ರೂಪಾಯಿ! ಸುಲಿಯುವ ಕೂಲಿ ಬೇರೆ. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ಒಂದು ನಿಮಿಷ ನೋಡಿ, ‘ಎಲ್ಲೋ ತಪ್ಪಿದೆ’ ಅಂದರು. ಎಲ್ಲಿ ಅಂತ ಹೇಳಲಿಲ್ಲ. ಕೊಟ್ಟಿಗೆಗೆ ಹೋದರು.

ನಾನು ನಾಲ್ಕು ಸಲ ಗುಣಿಸಿದೆ. ಲೆಕ್ಕ ಸರಿ ಇದೆ.

ನೇರಳೆ ಮಾರ್ಗ

ಗುಣಾಕಾರ ಸರಿ ಇದೆ, ತಾರೀಖು ತಪ್ಪಿದೆ. ನನ್ನ ಆಗಸ್ಟ್ ಕಥೆನೇ ಇದು! ಜೂನ್‌ನಲ್ಲಿ ಕೊಬ್ಬರಿ ಆದ ಕಾಯಿಯನ್ನು ಜೂನ್‌ನಲ್ಲಿ ಹಸಿಯಾಗಿ ಮಾರೋಕೆ ಆಗುತ್ತಾ? ಅದು ಅಟ್ಟ ಹತ್ತಿದ ದಿನ ನಿಮ್ಮಪ್ಪನ ಮುಂದೆ ಇದ್ದ ರೇಟು ಎಷ್ಟು? ಅದನ್ನು ಹುಡುಕು.

ಮಂಡಿ ಗುಮಾಸ್ತ

ಹುಡುಗ ಸರಿಯಾಗಿ ಹಿಡಿದ. ನಿಮ್ಮಪ್ಪನಿಗೆ ಗೊತ್ತಾಗಿದೆ ಕಣಮ್ಮ, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.

ಅಟ್ಟದಹುಡುಗಿ

ಸಿಕ್ಕಿತು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಎರಡು ಪುಟ ಅಂಟಿಕೊಂಡಿದ್ದವು, ಹಬೆ ಹಿಡಿದು ಬಿಡಿಸಿದೆ.

2024ರ ಸೆಪ್ಟೆಂಬರ್‌ನಲ್ಲಿ ಕಾಯಿ ಅಟ್ಟಕ್ಕೆ ಹಾಕಿದಾಗ ಹಸಿ ಕಾಯಿ 17 ರೂಪಾಯಿ. 100ಕ್ಕೆ 1,700. ಅದು 2025ರ ಜೂನ್‌ನಲ್ಲಿ 2,804 ಆಯಿತು. 1,104 ಲಾಭ.

2022ರ ಸೆಪ್ಟೆಂಬರ್: ಹಸಿ ಕಾಯಿ 12. 100ಕ್ಕೆ 1,200. ಅದು 2023ರ ಜುಲೈನಲ್ಲಿ, ಕೆ.ಜಿ.ಗೆ 81ರಂತೆ, 923 ರೂಪಾಯಿ. ಹತ್ತು ತಿಂಗಳು ಕಾದು, ಹೆಗ್ಗಣ ಓಡಿಸಿ, ಕೂಲಿ ಕೊಟ್ಟು, 277 ನಷ್ಟ. ಬೆಂಬಲ ಬೆಲೆಗೆ ಹೋಗಿದ್ದರೆ ಅದೇ ಕೊಬ್ಬರಿಗೆ 1,339 ಬರುತ್ತಿತ್ತು, ಅಂದರೆ ನಷ್ಟವಿಲ್ಲ. ಅಕ್ಕನ ಕಾಲೇಜಿನ ಕೊನೇ ದಿನಾಂಕ ಅಷ್ಟು ದಿನ ಕಾಯುವಂತಿರಲಿಲ್ಲ. ಎರಡೂ ವರ್ಷದ ತೂಕ ಈಗಿನ ತೂಕದ ಹಾಗೇ ಇತ್ತು ಅಂದುಕೊಂಡು ಹಾಕಿದ ಲೆಕ್ಕ, ಇದನ್ನು ಕೆಳಗೆ ಬರೆದಿದ್ದೇನೆ. ಕೂಲಿ ಕಳೆದಿಲ್ಲ, ಚಿಪ್ಪು ಸೇರಿಸಿಲ್ಲ, ಅದನ್ನೂ ಬರೆದಿದ್ದೇನೆ.

ಹಾಗಾದರೆ ಯಾಕೆ ಅಟ್ಟಕ್ಕೆ ಹಾಕುತ್ತೀರಿ, ಹಸಿಯಾಗೇ ಮಾರಿಬಿಡಬಹುದಲ್ಲ ಅಂತ ರಾತ್ರಿ ಅಪ್ಪನನ್ನು ಕೇಳಿದೆ. ‘ಹಸಿ ಕಾಯಿ ಮಾರಬೇಕಾದರೆ ವ್ಯಾಪಾರಿ ಬಂದ ದಿನ ಮಾರಬೇಕು. ಕೊಬ್ಬರಿ ಆದರೆ ನಾನು ಹೊರಟ ದಿನ ಮಾರಬಹುದು’ ಅಂದರು. ಇದಕ್ಕೆ ಪುಸ್ತಕದಲ್ಲಿ ಯಾವ ಹೆಸರಿದೆ ಅಂತ ಹುಡುಕುತ್ತಿದ್ದೇನೆ. ಸಿಗದಿದ್ದರೆ ಅಪ್ಪ ಹೇಳಿದ ಹಾಗೇ ಬರೆಯುತ್ತೇನೆ. ಮೇಡಂಗೆ ಡ್ರಾಫ್ಟ್ ತೋರಿಸಿದೆ. ಈ ಸಲ ಕೆಂಪು ಇಂಕಿನಲ್ಲಿ ಒಂದೇ ಒಂದು ಪ್ರಶ್ನೆ: ‘ಅಕ್ಕನ ಫೀಸು ಎಷ್ಟು?’

ಶನಿವಾರ ವೈವಾ. ತೂಗಿದ ಕೊಬ್ಬರಿ ತಗೊಂಡು ಬಾ ಎಂದಿದ್ದಾರೆ. ಅದರಲ್ಲಿ ಎರಡು ಕೆ.ಜಿ. ಅಜ್ಜಿ ಆಗಲೇ ಚಟ್ನಿಪುಡಿಗೆ ಕುಟ್ಟಿಬಿಟ್ಟಿದ್ದಾರೆ. ಆ ಎರಡು ಕೆ.ಜಿ.ಯನ್ನು ಯಾವ ಕಾಲಮ್ಮಿಗೆ ಹಾಕಲಿ, ಮೇಷ್ಟ್ರೇ?